ಫ್ರಾಂಚೈಸಿ ತಗೊಳ್ಳೋ ಮುಂಚೆ ಟ್ರೈನಿಂಗ್ ಎಷ್ಟು ದಿನ ಅಂತ ಕೇಳಿ

ಹೋದ ವಾರ ಚನ್ನರಾಯಪಟ್ಟಣದಿಂದ ಒಬ್ಬರು ಫೋನ್ ಮಾಡಿದ್ದರು. ಗಂಡ ಹೆಂಡತಿ ಸೇರಿ ಒಂದು ಕಾಫಿ ಬ್ರ್ಯಾಂಡಿನ ಫ್ರಾಂಚೈಸಿ, ಅಂದರೆ ಕಂಪನಿಗೆ ಫೀಸು ಕಟ್ಟಿ ಅವರ ಹೆಸರಲ್ಲೇ ಅಂಗಡಿ ಹಾಕುವುದು, ತಗೊಳ್ಳಬೇಕು ಅಂತಿದ್ದಾರೆ. ನಮ್ಮ ಅಂಗಡಿಗೆ ಹಾಲು ಹಾಕುವವರ ಕಡೆಯಿಂದ ನನ್ನ ನಂಬರ್ ಸಿಕ್ಕಿತಂತೆ. ಒಟ್ಟು ಎಷ್ಟು ಲಕ್ಷ ಆಗುತ್ತದೆ, ಹಾಕಿದ ದುಡ್ಡು ಎಷ್ಟು ತಿಂಗಳಿಗೆ ಕೈಗೆ ಬರುತ್ತದೆ, ಜಾಗ ಎಷ್ಟು ಚದರಡಿ ಬೇಕು, ಅಡ್ವಾನ್ಸ್ ಎಷ್ಟಕ್ಕೆ ಮಾತಾಡಬಹುದು ಅಂತೆಲ್ಲ ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಆಮೇಲೆ ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. ಟ್ರೈನಿಂಗ್ ಎಷ್ಟು ದಿನ, ಎಲ್ಲಿ, ಯಾರು ಕೊಡ್ತಾರೆ?

"ಅದೆಲ್ಲ ಕಂಪನಿಯವರೇ ನೋಡ್ಕೊತಾರಂತೆ ಅಕ್ಕ" ಅಂದರು.

2022ರಲ್ಲಿ ನಾನೂ ಮನೆಯಲ್ಲಿ ಇದೇ ಮಾತು ಹೇಳಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹತ್ತು ಜನಕ್ಕೆ ಹತ್ತು ಸಲ ಹೇಳುವ ಬದಲು ಒಂದು ಕಡೆ ಪೂರ್ತಿ ಇರಲಿ.

ನಾನು ಹಾಸನದವಳು. ಒಂದು ಖಾಸಗಿ ಆಫೀಸಿನಲ್ಲಿ 12 ವರ್ಷ ಲೆಕ್ಕ ಬರೆದಿದ್ದೇನೆ. ಅಪ್ಪ ಬಿಟ್ಟುಹೋದ ದುಡ್ಡು, ಸ್ವಲ್ಪ ಸಾಲ, ಒಂದಿಷ್ಟು ಚಿನ್ನ, ಎಲ್ಲ ಸೇರಿಸಿ 18 ಲಕ್ಷ ಹಾಕಿ ಬಿ.ಎಂ. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ಕಾಫಿ ಅಂಗಡಿ ಮಾಡಿದೆ. ಬ್ರ್ಯಾಂಡಿನ ಹೆಸರು ಇಲ್ಲಿ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ನಾಲ್ಕು ಬೇರೆ ಬೇರೆ ಬ್ರ್ಯಾಂಡಿನ ಫ್ರಾಂಚೈಸಿ ತಗೊಂಡವರ ಜೊತೆ ಮಾತಾಡಿದ್ದೇನೆ, ಟ್ರೈನಿಂಗ್ ವಿಷಯದಲ್ಲಿ ಎಲ್ಲರ ಕಥೆಯೂ ಹೆಚ್ಚು ಕಡಿಮೆ ಒಂದೇ.

ಮೊದಲು ಒಂದು ಮಾತು. ದುಡ್ಡೂ ನಿಮ್ಮದು, ಅಂಗಡಿ ನಡೆಸುವವರೂ ನೀವೇ ಆದರೆ ಅದನ್ನು ಈ ವ್ಯಾಪಾರದಲ್ಲಿ ಫೋಫೋ ಅಂತಾರೆ. ದುಡ್ಡು ನಿಮ್ಮದು, ನಡೆಸುವುದು ಕಂಪನಿ ಅಂದರೆ ಫೋಕೋ. ನಾನು ಹೇಳುತ್ತಿರುವುದೆಲ್ಲ ಫೋಫೋ ವಿಷಯ. ಬೆಳಗ್ಗೆ ಶಟರ್ ಎತ್ತುವವರು ನೀವೇ ಆದರೆ ಟ್ರೈನಿಂಗ್ ಅನ್ನುವುದು ಪ್ಯಾಕೇಜಿನ ಜೊತೆ ಬರುವ ಉಚಿತ ವಸ್ತು ಅಲ್ಲ. ನೀವು ಕಟ್ಟುವ ಫ್ರಾಂಚೈಸಿ ಫೀಸಿನಲ್ಲಿ ನಿಮ್ಮ ಜೊತೆ ಕೊನೇ ತನಕ ಉಳಿಯುವ ವಸ್ತು ಅದೊಂದೇ. ಬೋರ್ಡು ಬಣ್ಣ ಹೋಗುತ್ತದೆ, ಮೆಷಿನ್ ಹಳೆಯದಾಗುತ್ತದೆ, ಕಲಿತಿದ್ದು ಕೈಯಲ್ಲಿ ಉಳಿಯುತ್ತದೆ.

ನಮಗೆ ಸಿಕ್ಕಿದ್ದು ಐದು ದಿನ. ಬೆಂಗಳೂರಿನಲ್ಲಿ. ಮೂರು ದಿನ ಹಾಲ್, ಎರಡು ದಿನ ಅಂಗಡಿ. ಹೋಗಿಬರುವ ಖರ್ಚು, ಉಳಿಯುವ ಖರ್ಚು ನಮ್ಮದೇ.

ಹಾಲ್‌ನಲ್ಲಿ ನಾವು 11 ಜನ ಇದ್ದೆವು. ಹುಬ್ಬಳ್ಳಿಯವರಿದ್ದರು, ಮೈಸೂರಿನವರು, ಹೊಸೂರಿನವರು, ತಿಪಟೂರು ಕಡೆಯ ಒಬ್ಬ ತೆಂಗಿನ ತೋಟದ ಯಜಮಾನರು. ಮೊದಲ ದಿನ ಪೂರ್ತಿ ಕಂಪನಿ ಹೇಗೆ ಹುಟ್ಟಿತು, ಲೋಗೋದಲ್ಲಿ ಆ ಬಣ್ಣ ಯಾಕೆ, ಇನ್ನು ಐದು ವರ್ಷಕ್ಕೆ ಎಷ್ಟು ಅಂಗಡಿ ಅನ್ನುವುದೇ ಆಯಿತು. ಎರಡನೇ ದಿನ ಬಿಲ್ಲಿಂಗ್ ಮೆಷಿನ್, ಇಂಡೆಂಟ್ (ಕಂಪನಿಯಿಂದ ತರಿಸುವ ಸಾಮಾನಿನ ಪಟ್ಟಿ) ಹಾಕುವ ಆ್ಯಪ್, ಹುಡುಗರ ಯೂನಿಫಾರ್ಮ್. ಮೂರನೇ ದಿನ ಇನ್‌ಸ್ಟಾಗ್ರಾಂ, ಸ್ವಚ್ಛತೆಯ ವಿಡಿಯೋ, ಕೊನೆಗೆ ಜಿಎಸ್‌ಟಿಗೆ 20 ನಿಮಿಷ. ಎಲ್ಲವೂ ಇಂಗ್ಲಿಷ್, ಮಧ್ಯೆ ಮಧ್ಯೆ ಹಿಂದಿ. ತಿಪಟೂರಿನವರು ನನ್ನ ಪಕ್ಕ ಕೂತು ಮೆಲ್ಲಗೆ "ಏನಂದ್ರಮ್ಮಾ ಈಗ?" ಅಂತ ಕೇಳುತ್ತಿದ್ದರು. ನಾನು ಹೇಳುವಷ್ಟರಲ್ಲಿ ಪರದೆ ಮೇಲೆ ಇನ್ನೆರಡು ಪುಟ ಮುಂದೆ ಹೋಗಿರುತ್ತಿತ್ತು.

ಆದರೆ ಆ ಮೂರು ದಿನದಲ್ಲಿ ಒಳ್ಳೆಯ ಪ್ರಶ್ನೆ ಕೇಳಿದ್ದು ಅವರೇ. ಎದ್ದು ನಿಂತು, ಕನ್ನಡದಲ್ಲೇ, "ಹಾಲು ಒಡೆದ್ರೆ ಯಾರ ಲೆಕ್ಕಕ್ಕೆ?" ಅಂದರು. ಪಾಠ ಮಾಡುವವರು ಊಟ ಆದಮೇಲೆ ಹೇಳ್ತೀವಿ ಅಂದರು. ಊಟ ಆದಮೇಲೆ ಬೇರೆ ಪಾಠ ಶುರುವಾಯಿತು. ನನಗೆ ಈಗಲೂ ಅದು ನೆನಪಾದರೆ ಬೇಜಾರಾಗುತ್ತದೆ. ಕಾಫಿ ಅಂಗಡಿಯಲ್ಲಿ ದಿನಾ ಬೆಳಗ್ಗೆ ಎದುರಾಗುವ ಪ್ರಶ್ನೆ ಅದು. ಹಾಲ್‌ನಲ್ಲಿ ಕೂತಿದ್ದ ಎಲ್ಲರಿಗೂ ಬೇಕಿದ್ದ ಉತ್ತರ ಅದು.

ನಾಲ್ಕನೇ ದಿನ ನಮ್ಮನ್ನು ಬೇರೆ ಬೇರೆ ಅಂಗಡಿಗೆ ಹಂಚಿದರು. ನನಗೆ ಸಿಕ್ಕಿದ್ದು ದಕ್ಷಿಣ ಬೆಂಗಳೂರಿನ ಒಂದು ಸಣ್ಣ ಔಟ್‌ಲೆಟ್. ಟೈಮ್ ಟೇಬಲ್‌ನಲ್ಲಿ ಬೆಳಗ್ಗೆ 10ರಿಂದ ಸಂಜೆ 5 ಅಂತ ಇತ್ತು. ಹತ್ತಕ್ಕೆ ಹೋದೆ. ಅಲ್ಲಿದ್ದ ಕಾಫಿ ಮಾಸ್ಟರ್ ನನ್ನ ಕೊರಳಲ್ಲಿದ್ದ ಬ್ಯಾಡ್ಜ್ ನೋಡಿ, "ಹತ್ತಕ್ಕೆ ಬಂದ್ರೆ ಏನ್ ನೋಡ್ತೀರಮ್ಮಾ, ಕೆಲಸ ಎಲ್ಲ ಮುಗಿದಿದೆ. ನಾಳೆ ಐದಕ್ಕೆ ಬನ್ನಿ" ಅಂದರು.

ಮರುದಿನ ಬೆಳಗಿನ ಜಾವ ಐದಕ್ಕೆ ಆಟೋ ಹಿಡಿದು ಹೋದೆ. ಆ ಒಂದು ಬೆಳಗ್ಗೆ ಕಲಿತಿದ್ದು ಮಿಕ್ಕ ನಾಲ್ಕೂ ದಿನದ್ದನ್ನು ಮೀರಿಸಿತು.

ಮಾಸ್ಟರ್ ಮೊದಲು ಮಾಡಿದ್ದು ಹಾಲಿನ ಕ್ರೇಟ್ ಮುಟ್ಟಿ ನೋಡಿದ್ದು. ಪ್ಯಾಕೆಟ್ ಹೊರಗಡೆ ತಣ್ಣಗಿದೆಯಾ, ಬೆಚ್ಚಗಿದೆಯಾ ಅಂತ. ಕ್ರೇಟಿನ ಮೇಲಿನ ಸಾಲಿನದನ್ನು ಮೊದಲು ಕಾಯಿಸಬೇಕು, ಅದೇ ಹೆಚ್ಚು ಬೆಚ್ಚಗಾಗಿರುತ್ತದೆ. ಎಲ್ಲ ಪ್ಯಾಕೆಟ್ಟನ್ನೂ ದೊಡ್ಡ ಪಾತ್ರೆಗೆ ಒಟ್ಟಿಗೆ ಸುರಿಯಬಾರದು. ಒಂದು ಸಣ್ಣ ಪಾತ್ರೆಯಲ್ಲಿ ಒಂದೊಂದಾಗಿ ನೋಡಿ ಆಮೇಲೆ ಸುರಿಯಬೇಕು. ಒಂದು ಪ್ಯಾಕೆಟ್ ಕೆಟ್ಟಿದ್ದರೆ ಅರ್ಧ ಲೀಟರ್ ಹೋಗುತ್ತದೆ. ನೋಡದೆ ಸುರಿದರೆ ಹತ್ತು ಲೀಟರ್ ಹೋಗುತ್ತದೆ. ತಿಪಟೂರಿನವರ ಪ್ರಶ್ನೆಗೆ ಉತ್ತರ ಇಲ್ಲಿತ್ತು ನೋಡಿ, ಒಲೆ ಪಕ್ಕ.

ಆಮೇಲೆ ಫಿಲ್ಟರ್. ಪುಡಿ ಹಾಕಿ ಮೇಲಿನ ತಟ್ಟೆಯನ್ನು ನಾನು ಜೋರಾಗಿ ಒತ್ತಿದೆ, ಮನೆಯಲ್ಲಿ ಹಾಗೇ ಅಭ್ಯಾಸ. ಅವರು ತಟ್ಟೆ ತೆಗೆಸಿದರು. ಈ ಪುಡಿಯಲ್ಲಿ ಚಿಕೋರಿ ಇದೆ, ನೀರು ಬಿದ್ದ ತಕ್ಷಣ ಉಬ್ಬುತ್ತದೆ, ನೀವು ಅಮುಕಿಬಿಟ್ಟರೆ ಇಳಿಯುವುದೇ ಇಲ್ಲ ಅಂದರು. ಕುದಿಯುವ ನೀರನ್ನು ಒಲೆಯಿಂದ ಇಳಿಸಿ ಒಂದು ಗಳಿಗೆ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಸುರಿಸಿದರು. ನಾನು ಇನ್ನೂ ಸುರಿಯಲು ಹೋದೆ. "ಕೈ ನಿಲ್ಸಿ ಅಮ್ಮಾ" ಅಂದರು. ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆದು ನಿಂತ ಮೇಲೆ ಸುತ್ತಲೂ ನಿಧಾನಕ್ಕೆ ಸುರಿಯಿರಿ ಅಂದರು. ಕೆಳಗೆ ತೊಟ್ಟಿಕ್ಕುವ ಸದ್ದು ಕೇಳಿಸಿಕೊಳ್ಳಲು ಹೇಳಿದರು. ತೊಟ್ಟು ತೊಟ್ಟಾಗಿ ಬಿದ್ದರೆ ಸರಿ, ಧಾರೆಯಾಗಿ ಇಳಿದರೆ ಪುಡಿ ದಪ್ಪ ಇದೆ ಅಥವಾ ತಟ್ಟೆ ಸಡಿಲ ಇದೆ, ಸದ್ದೇ ಇಲ್ಲ ಅಂದರೆ ಕಟ್ಟಿಕೊಂಡಿದೆ. ಮಳೆಗಾಲದಲ್ಲಿ ಪುಡಿ ತೇವ ಎಳೆದುಕೊಂಡು ಗಂಟಾಗುತ್ತದೆ, ಡಬ್ಬದ ಮುಚ್ಚಳ ತೆರೆದಿಡಬೇಡಿ ಅಂದರು. ಇಳಿದ ಡಿಕಾಕ್ಷನ್ನನ್ನು ನೇರ ಒಲೆ ಮೇಲೆ ಇಡಲೇಬಾರದು, ಬಿಸಿನೀರಿನ ಪಾತ್ರೆಯೊಳಗೆ ಇಡಬೇಕು. ಒಲೆ ಮೇಲೆ ಒಂದು ಸಲ ಕುದಿಸಿದರೆ ಕಹಿ ಹತ್ತುತ್ತದೆ, ಆಮೇಲೆ ಸಕ್ಕರೆ ಎಷ್ಟು ಹಾಕಿದರೂ ಹೋಗುವುದಿಲ್ಲ.

ಇದರಲ್ಲಿ ಒಂದು ಮಾತೂ ಕಂಪನಿಯ ಪುಸ್ತಕದಲ್ಲಿ ಇರಲಿಲ್ಲ. ಪುಸ್ತಕದಲ್ಲಿ ಇದ್ದದ್ದು "ಡಿಕಾಕ್ಷನ್ 30 ಎಂ.ಎಲ್., ಹಾಲು 70 ಎಂ.ಎಲ್." ಅಂತ. ಅಳತೆ ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ 30 ಎಂ.ಎಲ್. ಚೆನ್ನಾಗಿ ಇಳಿಸುವುದು ಹೇಗೆ ಅಂತ ಹೇಳಿಕೊಟ್ಟಿದ್ದು ಆ ಮಾಸ್ಟರ್. ಅವರಿಗೆ ಅದಕ್ಕೆ ಒಂದು ರೂಪಾಯಿಯೂ ಜಾಸ್ತಿ ಸಿಗುತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಅಂಗಡಿ ಶುರುವಾಯಿತು. ಹಾಲ್‌ನಲ್ಲಿ ತೋರಿಸಿದ ಲೆಕ್ಕದಲ್ಲಿ ದಿನಕ್ಕೆ 400 ಲೋಟ ಅಂತ ಇತ್ತು. ಮೊದಲ ತಿಂಗಳು ನನ್ನ ಅಂಗಡಿಯಲ್ಲಿ ಹೋಗಿದ್ದು ದಿನಕ್ಕೆ 140ರ ಆಸುಪಾಸು. ಹಾಸನದ ಜನಕ್ಕೆ ಕಾಫಿ ಹೊಸದಲ್ಲ. ಸಕಲೇಶಪುರ, ಬೇಲೂರು ಕಡೆಯ ತೋಟದವರು ಕೆಲಸಕ್ಕೆ ಊರಿಗೆ ಬಂದಾಗ ನಿಂತು ಕುಡಿದು, ಲೋಟ ಇಟ್ಟು, "ಚಿಕೋರಿ ಜಾಸ್ತಿ ಆಯ್ತು" ಅಂತ ಮುಖಕ್ಕೇ ಹೇಳಿ ಹೋಗುತ್ತಾರೆ. ಅವರಿಗೆ ಏನಂತ ಉತ್ತರ ಕೊಡಬೇಕು ಅಂತ ಯಾವ ಟ್ರೈನಿಂಗ್‌ನಲ್ಲೂ ಹೇಳಿರಲಿಲ್ಲ.

ಮೊದಲ ವಾರವೇ ಬೈಟು ಸಮಸ್ಯೆ ಬಂತು. ಇಬ್ಬರು ಬಂದು ಒಂದು ಬೈಟು ಕಾಫಿ ಅಂದರೆ ನಮ್ಮ ಊರಲ್ಲಿ ಅದು ದಿನನಿತ್ಯದ ಮಾತು. ನಮ್ಮ ಬಿಲ್ಲಿಂಗ್ ಮೆಷಿನ್‌ನಲ್ಲಿ ಬೈಟು ಅನ್ನುವುದೇ ಇರಲಿಲ್ಲ. ಕೌಂಟರ್‌ನಲ್ಲಿದ್ದ ಹುಡುಗಿ ನನ್ನ ಮುಖ ನೋಡಿದಳು. ಒಂದು ಕಾಫಿಗೆ ಬಿಲ್ ಹಾಕಿ ಎರಡು ಲೋಟಕ್ಕೆ ಹಾಕಿಕೊಡು ಅಂದೆ. ಆಗ ಒಂದೊಂದು ಲೋಟದಲ್ಲಿ 50 ಎಂ.ಎಲ್. ಕಾಫಿ, ಪೇಪರ್ ಕಪ್ ತಳದಲ್ಲಿ. ನೋಡಿದವರಿಗೆ ಅವಮಾನ ಮಾಡಿದ ಹಾಗೆ ಕಾಣುತ್ತದೆ. ಮೇಲಾಗಿ ಕಪ್ ಲೆಕ್ಕ ತಪ್ಪುತ್ತದೆ. ತಿಂಗಳ ಕೊನೆಗೆ ಕಪ್ ಜಾಸ್ತಿ ಖರ್ಚಾಗಿದೆ, ಬಿಲ್ ಕಡಿಮೆ ಇದೆ ಅಂತ ಕಂಪನಿಯಿಂದ ಮೇಲ್ ಬಂತು. ಸಣ್ಣ ಸ್ಟೀಲ್ ಲೋಟ ಇಡಲು ಅನುಮತಿ ಕೇಳಿ, ಮೆಷಿನ್‌ಗೆ ಬೈಟು ಸೇರಿಸಿ ಅಂತ ಬರೆದು, ಅದು ಆಗುವಷ್ಟರಲ್ಲಿ ನಾಲ್ಕು ತಿಂಗಳು ಕಳೆಯಿತು. ಕರ್ನಾಟಕದಲ್ಲಿ ಕಾಫಿ ಮಾರುವವರಿಗೆ ಟ್ರೈನಿಂಗ್ ಕೊಡುವವರು ಬೈಟು ಬಗ್ಗೆ ಐದು ನಿಮಿಷ ಮಾತಾಡಬೇಕು ಅಲ್ವಾ?

ಎರಡು ತಿಂಗಳಿಗೇ ಹಾಸನಾಂಬ ಬಂತು. ಹೊರಗಿನವರಿಗೆ ಹೇಳುತ್ತೇನೆ, ನಮ್ಮ ಊರ ದೇವಿಯ ಗುಡಿ ವರ್ಷಕ್ಕೆ ಒಂದೇ ಸಲ ತೆರೆಯುವುದು. ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿ ಮುಗಿದ ಮೇಲೆ ಹಾಕುತ್ತಾರೆ. ಅಷ್ಟು ದಿನ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಾತ್ರಿಯೆಲ್ಲ ಸಾಲಿನಲ್ಲಿ ನಿಂತವರು ಬೆಳಗಿನ ಜಾವ ಬಿಸಿ ಕಾಫಿ ಹುಡುಕಿಕೊಂಡು ಬರುತ್ತಾರೆ. ನನ್ನ ಅಂಗಡಿಯಲ್ಲಿ 700 ದಾಟಿತು. ಕಂಪನಿಯ ಇಂಡೆಂಟ್ ನಿಯಮ ಏನೆಂದರೆ ಸಾಮಾನು ಬೇಕಾದ 72 ಗಂಟೆ ಮುಂಚೆ ಹಾಕಬೇಕು, ಹೋದ ವಾರದ ವ್ಯಾಪಾರದ ಮೇಲೆ ಇಷ್ಟೇ ಅಂತ ಮಿತಿ ಬೇರೆ. ಶನಿವಾರ ಮಧ್ಯಾಹ್ನಕ್ಕೆ ಕಪ್ ಖಾಲಿ, ಸಂಜೆಗೆ ಪುಡಿ ಖಾಲಿ. ಎದುರಿಗೆ ಜನ ನಿಂತಿದ್ದಾರೆ, ಹಾಲು ಕಾದಿದೆ, ಪುಡಿ ಇಲ್ಲ. ಹೊರಗಿನ ಪುಡಿ ತಂದರೆ ಅಗ್ರಿಮೆಂಟ್ ಮುರಿದ ಹಾಗೆ. ಆವತ್ತು ರಾತ್ರಿ ಶಟರ್ ಎಳೆದು ಒಳಗೆ ಕೂತು ಅತ್ತೆ. ಜಾತ್ರೆ, ಸಂತೆ, ಹಬ್ಬ, ಪರೀಕ್ಷೆ, ಇವೆಲ್ಲ ಒಂದೊಂದು ಊರಿಗೆ ಒಂದೊಂದು ಥರ. ನಿಮ್ಮ ಊರಲ್ಲಿ ವರ್ಷಕ್ಕೆ ಯಾವ ಯಾವ ದಿನ ಜನ ಸೇರುತ್ತಾರೆ ಅಂತ ಹಾಲ್‌ನಲ್ಲೇ ಒಂದು ಹಾಳೆ ಬರೆಸಿದ್ದರೆ ಸಾಕಿತ್ತು. ಮುಂದಿನ ವರ್ಷದಿಂದ ನಾನೇ ಪಂಚಾಂಗ ನೋಡಿ ಒಂದು ತಿಂಗಳು ಮುಂಚೆ ಬರೆದು ಕಳಿಸುತ್ತೇನೆ, ಈಗ ಕೊಡುತ್ತಾರೆ.

ಇದಕ್ಕಿಂತ ದೊಡ್ಡ ಪಾಠ ಆ ದೀಪಾವಳಿ ಮುಗಿದ ಮೇಲೆ ಬಂತು. ಕಂಪನಿಯೇ ಐದು ದಿನ ಟ್ರೈನಿಂಗ್ ಕೊಟ್ಟು ಕಳಿಸಿದ್ದ ನಮ್ಮ ಮಾಸ್ಟರ್ ಕೆಲಸ ಬಿಟ್ಟ. ಬೆಂಗಳೂರಿನಲ್ಲಿ ನಾಲ್ಕು ಸಾವಿರ ಜಾಸ್ತಿ ಸಿಕ್ಕಿತು, ಹೋದ. ಅವನದು ತಪ್ಪಲ್ಲ, ಮನೆ ನಡೆಯಬೇಕಲ್ಲ. ಮರುದಿನ ಬೆಳಗ್ಗೆ ಐದಕ್ಕೆ ಅಂಗಡಿಯಲ್ಲಿ ನಾನೊಬ್ಬಳೇ. ಪುಡಿ ಹಾಕಿದೆ, ತಟ್ಟೆ ಮೆಲ್ಲಗೆ ಇಟ್ಟೆ, ನೀರು ಇಳಿಸಿ ಒಂದು ಗಳಿಗೆ ಕಾದೆ, ಸ್ವಲ್ಪ ಸುರಿದು ಕೈ ನಿಲ್ಲಿಸಿದೆ. ಗುಳ್ಳೆ ಎದ್ದು ನಿಂತವು. ಕೆಳಗೆ ತೊಟ್ಟಿಕ್ಕುವ ಸದ್ದು ಬಂತು. ಆರು ಗಂಟೆಗೆ ಮೊದಲ ಗಿರಾಕಿ ಬಂದು ಕುಡಿದು ಏನೂ ಹೇಳದೆ ದುಡ್ಡು ಕೊಟ್ಟು ಹೋದರು. ಏನೂ ಹೇಳಲಿಲ್ಲ ಅಂದರೆ ಕಾಫಿ ಸರಿ ಇತ್ತು ಅಂತ.

ಹೊಸ ಮಾಸ್ಟರ್‌ಗೆ ಟ್ರೈನಿಂಗ್ ಬೇಕು ಅಂತ ಕಂಪನಿಗೆ ಕೇಳಿದೆ. ತಲೆಗೆ 8,000 ರೂಪಾಯಿ, ಬೆಂಗಳೂರಿಗೆ ಕಳಿಸಿ, ಊಟ ವಸತಿ ನಿಮ್ಮದು ಅಂದರು. ಮೊದಲ ಬ್ಯಾಚ್ ಮಾತ್ರ ಉಚಿತ ಅಂತ ಅಗ್ರಿಮೆಂಟಿನಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಹೋಟೆಲ್ ಲೈನಿನಲ್ಲಿ ಹುಡುಗರು ಬರುತ್ತಾರೆ, ಹೋಗುತ್ತಾರೆ. ಪ್ರತಿ ಸಲ ಎಂಟು ಸಾವಿರ ಕೊಡಲು ಆಗುತ್ತದಾ? ಅದಕ್ಕೇ ನಾನು ಹೇಳುವುದು, ಟ್ರೈನಿಂಗ್ ಮಾಲೀಕರ ಕೈಗೆ ಬರಬೇಕು. ಹುಡುಗರು ಕಲಿತುಕೊಂಡು ಬರುತ್ತಾರೆ, ನಾನು ಗಲ್ಲಾದ ಮೇಲೆ ಕೂರುತ್ತೇನೆ ಅಂದುಕೊಂಡರೆ ಮಾಸ್ಟರ್ ರಜೆ ಹಾಕಿದ ದಿನ ಅಂಗಡಿಗೂ ರಜೆ.

ಭಾಷೆಯ ವಿಷಯ ಹೇಳಲೇಬೇಕು. ಕಂಪನಿ ಕೊಟ್ಟ ಪುಸ್ತಕ 140 ಪುಟ, ಪೂರ್ತಿ ಇಂಗ್ಲಿಷ್. ನನ್ನ ಅಂಗಡಿಯಲ್ಲಿ ಕೆಲಸ ಮಾಡುವವರು ಸುತ್ತಮುತ್ತಲ ಹಳ್ಳಿಯವರು, ಕನ್ನಡ ಚೆನ್ನಾಗಿ ಓದುತ್ತಾರೆ. ಅವರಿಗೆ ಆ ಪುಸ್ತಕ ಇದ್ದೂ ಒಂದೇ ಇಲ್ಲದೆಯೂ ಒಂದೇ. ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ, ದಪ್ಪ ಪೆನ್ನಿನಲ್ಲಿ ಬರೆದು ಒಲೆ ಪಕ್ಕದ ಗೋಡೆಗೆ ಅಂಟಿಸಿದೆ. "ಹಾಲು ಒಂದೊಂದು ಪ್ಯಾಕೆಟ್ ನೋಡಿ ಸುರಿ. ತಟ್ಟೆ ಒತ್ತಬೇಡ. ಮೊದಲ ನೀರು ಸ್ವಲ್ಪ, ಕೈ ನಿಲ್ಲಿಸು. ಡಿಕಾಕ್ಷನ್ ಒಲೆ ಮೇಲೆ ಬೇಡ. ಹಳೇ ಡಿಕಾಕ್ಷನ್‌ಗೆ ಹೊಸದು ಬೆರೆಸಬೇಡ. ಸಿಲಿಂಡರ್ ಬದಲಿಸಿದ ದಿನ ಬರೆದಿಡು." ಇಷ್ಟೇ. ಆ ಹಾಳೆ ಈಗ ಎಣ್ಣೆ, ಹಬೆ ಹತ್ತಿ ಕಂದು ಬಣ್ಣಕ್ಕೆ ತಿರುಗಿದೆ, ಎರಡು ಸಲ ಹೊಸದಾಗಿ ಬರೆದಿದ್ದೇನೆ. ಹೊಸ ಹುಡುಗ ಬಂದರೆ ಮೊದಲು ಅದನ್ನು ಜೋರಾಗಿ ಓದಿಸುತ್ತೇನೆ.

ಕನ್ನಡದಲ್ಲಿ ಕೊಡಲು ಆಗುವುದಿಲ್ಲ ಅನ್ನುವವರಿಗೆ ಒಂದು ಉದಾಹರಣೆ ಇದೆ. ಆಹಾರದ ವ್ಯಾಪಾರ ಮಾಡುವವರಿಗೆ ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನವರ ಫೋಸ್ಟ್ಯಾಕ್ ಅಂತ ತರಬೇತಿ ಇದೆ. ಆಹಾರ ಮುಟ್ಟಿ ಕೆಲಸ ಮಾಡುವ 25 ಜನಕ್ಕೆ ಒಬ್ಬರಾದರೂ ಅದನ್ನು ಮುಗಿಸಿದವರು ಇರಬೇಕು. 25ಕ್ಕಿಂತ ಕಡಿಮೆ ಜನ ಇದ್ದರೂ ಒಬ್ಬರು ಬೇಕೇ ಬೇಕು. ನಾನು ಹೋಗಿದ್ದು ಒಂದೇ ದಿನದ ತರಬೇತಿಗೆ. ಕಲಿಸಲು ಬಂದವರು ಪೂರ್ತಿ ಕನ್ನಡದಲ್ಲೇ ಹೇಳಿದರು. 5 ಡಿಗ್ರಿಯಿಂದ 60 ಡಿಗ್ರಿ ಮಧ್ಯೆ ಆಹಾರ ಇಟ್ಟರೆ ಅದರಲ್ಲಿ ಕ್ರಿಮಿ ಬೇಗ ಬೆಳೆಯುತ್ತದೆ, ಬಿಸಿ ಅಂದರೆ ಅದಕ್ಕಿಂತ ಬಿಸಿ ಇರಬೇಕು, ತಣ್ಣಗೆ ಅಂದರೆ ಅದಕ್ಕಿಂತ ತಣ್ಣಗಿರಬೇಕು ಅಂತ ನಮ್ಮ ಮನೆಯ ಹಾಲು, ಚಟ್ನಿ, ಸಾಂಬಾರಿನ ಮಾತಿನಲ್ಲೇ ತಲೆಗೆ ಹೋಗುವ ಹಾಗೆ ಹೇಳಿದರು. ಆವತ್ತು ಸಂಜೆಯೇ ಫ್ರಿಜ್‌ಗೆ ಒಂದು ಥರ್ಮಾಮೀಟರ್ ತಂದೆ. ನೋಡಿದರೆ ಒಳಗೆ 9 ಡಿಗ್ರಿ. ಎರಡು ತಿಂಗಳು ಹಾಲು ಬೇಗ ಹುಳಿಯಾಗುತ್ತಿದ್ದದ್ದು ಅದಕ್ಕೇ.

ಇನ್ನು ದುಡ್ಡಿನ ಪಾಠ. ಹಾಲ್‌ನಲ್ಲಿ 20 ನಿಮಿಷದ ಜಿಎಸ್‌ಟಿ ಪಾಠದ ಕೊನೆಗೆ "ಮಿಕ್ಕಿದ್ದು ನಿಮ್ಮ ಆಡಿಟರ್ ಕೇಳಿ" ಅಂದಿದ್ದರು. ನಾನು ಲೆಕ್ಕ ಬರೆದವಳು, ಆದರೂ ಕೂತು ಗುಣಿಸಿ ನೋಡಿರಲಿಲ್ಲ. ನಮ್ಮಂಥ ಸಣ್ಣ ಹೋಟೆಲಿನವರು ಗಿರಾಕಿ ಬಿಲ್ಲಿಗೆ ಹಾಕುವುದು 5 ಪರ್ಸೆಂಟ್ ಜಿಎಸ್‌ಟಿ. ಆ ಲೆಕ್ಕದಲ್ಲಿ ನಾವು ಬೇರೆಯವರಿಗೆ ಕಟ್ಟಿದ ಜಿಎಸ್‌ಟಿಯನ್ನು, ಸರ್ಕಾರಕ್ಕೆ ಕಟ್ಟಬೇಕಾದ್ದರಲ್ಲಿ ಮುರಿದುಕೊಳ್ಳಲು ಬರುವುದಿಲ್ಲ. ಬ್ರ್ಯಾಂಡ್ ಬಳಸುವುದಕ್ಕೆ ಕಂಪನಿ ತಿಂಗಳು ತಿಂಗಳು ನಮಗೆ ಹಾಕುವ ರಾಯಲ್ಟಿ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ನನ್ನ ರಾಯಲ್ಟಿ ವ್ಯಾಪಾರದ 6 ಪರ್ಸೆಂಟ್. ತಿಂಗಳಿಗೆ 3 ಲಕ್ಷ ವ್ಯಾಪಾರ ಆದರೆ ರಾಯಲ್ಟಿ 18,000, ಅದರ ಮೇಲೆ ಜಿಎಸ್‌ಟಿ 3,240, ಒಟ್ಟು 21,240. ಆ 3,240 ಎಲ್ಲಿಂದಲೂ ವಾಪಸ್ ಬರುವುದಿಲ್ಲ. ಮೊದಲಿಗೆ ಕಟ್ಟಿದ 5 ಲಕ್ಷ ಫೀಸಿಗೂ 90,000 ಹಾಗೇ ಹೋಗಿತ್ತು. ಇನ್ನೊಂದು ವಿಷಯ, ರಾಯಲ್ಟಿ ಲಾಭದ ಮೇಲಲ್ಲ, ವ್ಯಾಪಾರದ ಮೇಲೆ. ನಿಮಗೆ ಆ ತಿಂಗಳು ನಷ್ಟ ಆದರೂ ಅದನ್ನು ಕಟ್ಟಬೇಕು. ಇದನ್ನು ಒಂದು ತಿಂಗಳ ನಿಜವಾದ ಬಿಲ್ ಇಟ್ಟುಕೊಂಡು ಒಂದು ಬೆಳಗ್ಗೆ ಪೂರ್ತಿ ಹೇಳಿಕೊಡಬೇಕು. ಲೋಗೋ ಬಣ್ಣಕ್ಕೆ ಒಂದು ಗಂಟೆ ಕೊಟ್ಟವರಿಗೆ ಇದಕ್ಕೆ ಮೂರು ಗಂಟೆ ಕೊಡುವುದು ಕಷ್ಟವಲ್ಲ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಆಗ ನಮ್ಮಲ್ಲಿ ದಿನಕ್ಕೆ 40 ಲೀಟರ್ ಹೋಗುತ್ತಿತ್ತು. ದಿನಕ್ಕೆ 160 ರೂಪಾಯಿ ಜಾಸ್ತಿ. ಪಕ್ಕದ ಹೋಟೆಲಿನವರು ಮರುದಿನವೇ ಬೋರ್ಡಿನಲ್ಲಿ ಸೀಮೆಸುಣ್ಣದಿಂದ ರೇಟ್ ಬದಲಿಸಿದರು. ನನಗೆ ಹಾಗೆ ಮಾಡಲು ಬರುವುದಿಲ್ಲ, ಮೆನು ದರ ಕಂಪನಿಯದು. ಅವರು ಬದಲಿಸಿದ್ದು ಏಳು ವಾರ ಆದಮೇಲೆ. ಹತ್ತತ್ತಿರ 8,000 ರೂಪಾಯಿ ನನ್ನ ಕೈಯಿಂದ ಹೋಯಿತು. ಬೆಲೆ ಏರಿದಾಗ ಯಾರಿಗೆ ಬರೆಯಬೇಕು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅನ್ನುವುದೂ ಟ್ರೈನಿಂಗ್‌ನಲ್ಲೇ ಬರಬೇಕಾದ ವಿಷಯ. ಬೋರ್ಡ್ ಕೂಡ ಹಾಗೇ. ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂದಾಗ ಕಂಪನಿಯ ಡಿಸೈನ್ ಇನ್ನೂ ಇಂಗ್ಲಿಷ್‌ನಲ್ಲೇ ಇತ್ತು. ಹೊಸ ಬೋರ್ಡಿನ ಖರ್ಚು ಯಾರದು ಅಂತ ಹಗ್ಗಜಗ್ಗಾಟ ಆಗಿ ಕೊನೆಗೆ ಅರ್ಧ ಅರ್ಧ ಹಾಕಿಕೊಂಡೆವು. ಕನ್ನಡ ಬೋರ್ಡ್ ನೋಡಲು ಚೆನ್ನಾಗಿಯೂ ಇದೆ.

ಅಮೆರಿಕದಲ್ಲಿರುವ ನನ್ನ ಚಿಕ್ಕಮ್ಮನ ಮಗ ಒಮ್ಮೆ ಅಲ್ಲಿನ ಪದ್ಧತಿ ಹೇಳಿದ. ಆಮೇಲೆ ನಾನೇ ಹುಡುಕಿ ಓದಿದೆ. ಅಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಅನ್ನುವ ಸರ್ಕಾರಿ ಸಂಸ್ಥೆಯ ನಿಯಮದ ಪ್ರಕಾರ ಫ್ರಾಂಚೈಸಿ ಮಾರುವ ಕಂಪನಿ 23 ವಿಷಯ ಇರುವ ಒಂದು ದಾಖಲೆಯನ್ನು, ಸಹಿ ಹಾಕಿಸಿಕೊಳ್ಳುವ ಅಥವಾ ದುಡ್ಡು ತಗೊಳ್ಳುವ 14 ದಿನ ಮುಂಚೆಯೇ ಕೈಗೆ ಕೊಡಬೇಕು. ಅದರಲ್ಲಿ 11ನೇ ವಿಷಯದಲ್ಲಿ ಟ್ರೈನಿಂಗ್ ಬರುತ್ತದೆ. ಏನು ಕಲಿಸುತ್ತಾರೆ, ಕ್ಲಾಸಿನಲ್ಲಿ ಎಷ್ಟು ಗಂಟೆ, ಅಂಗಡಿಯಲ್ಲಿ ಕೈಯಾರೆ ಎಷ್ಟು ಗಂಟೆ, ಎಲ್ಲಿ, ಅಂತ ಕೋಷ್ಟಕ ಹಾಕಿ ಬರೆಯಬೇಕು. ಕಲಿಸುವವರ ಅನುಭವವನ್ನೂ ಹೇಳಬೇಕು. ಇಷ್ಟು ವ್ಯಾಪಾರ ಆಗುತ್ತದೆ ಅಂತ ಹೇಳುವುದಾದರೆ ಅದಕ್ಕೂ 19ನೇ ವಿಷಯ ಅಂತ ಜಾಗ ಇದೆ, ಆಧಾರ ಇಲ್ಲದೆ ಹೇಳುವ ಹಾಗಿಲ್ಲ. ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ 400 ಲೋಟದ ಲೆಕ್ಕ.

ಮ್ಯಾಕ್‌ಡೊನಾಲ್ಡ್ಸ್‌ನವರು 1961ರಲ್ಲಿ ಇಲಿನಾಯ್ ರಾಜ್ಯದ ಎಲ್ಕ್ ಗ್ರೋವ್ ವಿಲೇಜ್ ಅನ್ನುವ ಊರಿನಲ್ಲಿ ಹ್ಯಾಂಬರ್ಗರ್ ಯೂನಿವರ್ಸಿಟಿ ಅಂತ ಶುರು ಮಾಡಿದರು. ಹೆಸರು ದೊಡ್ಡದು, ಶುರುವಾದದ್ದು ಅವರದೇ ಒಂದು ಅಂಗಡಿಯ ನೆಲಮಾಳಿಗೆಯಲ್ಲಿ. ನನಗೆ ಆ ನೆಲಮಾಳಿಗೆ ವಿಷಯ ತುಂಬಾ ಹಿಡಿಸಿತು. ಮೇಲೆ ಅಂಗಡಿ ನಡೆಯುತ್ತಿದೆ, ಕೆಳಗೆ ಪಾಠ. ಮೆಟ್ಟಿಲು ಹತ್ತಿದರೆ ಒಲೆ, ಗಿರಾಕಿ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲ. 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ ಮೇಲೆ, ನೀವು ಸಹಿ ಹಾಕಿದ ಅಗ್ರಿಮೆಂಟಿನ ಮೇಲೆ ಎಲ್ಲ ನಿಂತಿದೆ. ಬಾಯಿಮಾತಿನಲ್ಲಿ ಎರಡು ವಾರ ಅಂದಿದ್ದರೂ ಪೇಪರಿನಲ್ಲಿ ಐದು ದಿನ ಇದ್ದರೆ ನಿಮಗೆ ಸಿಗುವುದು ಐದೇ ದಿನ. ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ. ಅಂಗಡಿಯಲ್ಲಿ ಕೈಯಾರೆ ಮಾಡುವುದು ಎಷ್ಟು ದಿನ? ಕನಿಷ್ಠ ಹತ್ತು ದಿನ ಇರಲಿ, ಅದರಲ್ಲಿ ಶಟರ್ ಎತ್ತುವ ಹೊತ್ತು, ಗಲ್ಲಾ ಎಣಿಸಿ ಬಾಗಿಲು ಹಾಕುವ ಹೊತ್ತು, ಒಂದು ಭಾನುವಾರ, ಇವೆಲ್ಲ ಸೇರಿರಲಿ. ನಿಮ್ಮ ಅಂಗಡಿ ಶುರುವಾದ ಮೇಲೆ ಅವರ ಕಡೆಯವರು ಎಷ್ಟು ದಿನ ನಿಮ್ಮ ಜೊತೆ ನಿಲ್ಲುತ್ತಾರೆ? ನನ್ನ ಜೊತೆ ನಿಂತಿದ್ದು ಎರಡು ದಿನ, ಏಳು ದಿನವಾದರೂ ಬೇಕು. ಹೊಸ ಹುಡುಗರಿಗೆ ಮತ್ತೆ ಕಲಿಸಲು ಎಷ್ಟು? ಪುಸ್ತಕ ಕನ್ನಡದಲ್ಲಿ ಇದೆಯಾ? ಎಲ್ಲವನ್ನೂ ಅಗ್ರಿಮೆಂಟಿನಲ್ಲಿ ಬರೆಸಿ. ಬರೆಯಲು ಒಪ್ಪದಿದ್ದರೆ ಒಂದು ವಾರ ತಡೆದು ಯೋಚನೆ ಮಾಡಿ. ಅವಸರ ಮಾಡುವವರು, ನಿಮ್ಮ ಊರಿಗೆ ಇನ್ನೊಬ್ಬರು ಕೇಳ್ತಿದ್ದಾರೆ ಅಂತ ಹೇಳಿಯೇ ಹೇಳುತ್ತಾರೆ. ಹೇಳಲಿ ಬಿಡಿ.

ಕಂಪನಿಯವರಿಂದ ಒಳ್ಳೆಯದು ಏನೂ ಕಲಿಯಲಿಲ್ಲ ಅಂದರೆ ಸುಳ್ಳು ಹೇಳಿದ ಹಾಗೆ. ಮೊದಲು ಬಂದ ಸಾಮಾನು ಮೊದಲು ಖರ್ಚಾಗಬೇಕು ಅಂತ ಶೆಲ್ಫಿನಲ್ಲಿ ಹಿಂದೆ ಮುಂದೆ ಜೋಡಿಸುವುದು, ದಿನಾ ರಾತ್ರಿ ವೇಸ್ಟೇಜ್ ತೂಗಿ ಬರೆಯುವುದು, ಗಲ್ಲಾವನ್ನು ಇಬ್ಬರು ಎಣಿಸುವುದು, ಇವೆಲ್ಲ ಅವರೇ ಹೇಳಿಕೊಟ್ಟರು. ವೇಸ್ಟೇಜ್ ಪುಸ್ತಕ ನಾಲ್ಕು ವರ್ಷದ್ದೂ ನನ್ನ ಹತ್ತಿರ ಇದೆ. ಸ್ವಂತವಾಗಿ ಹೋಟೆಲ್ ಹಾಕಿದ್ದರೆ ಆ ಶಿಸ್ತು ನನಗೆ ಬರುತ್ತಿತ್ತೋ ಇಲ್ಲವೋ. ಈಗ ನಮ್ಮ ಅಂಗಡಿಯಲ್ಲಿ ದಿನಕ್ಕೆ 400 ಲೋಟ ಹೋಗುತ್ತದೆ. ಹಾಲ್‌ನಲ್ಲಿ ತೋರಿಸಿದ ಸಂಖ್ಯೆ ಬಂತು, ಬರಲು ಎರಡು ವರ್ಷ ಹಿಡಿಯಿತು.

ಚನ್ನರಾಯಪಟ್ಟಣದವರು ಇನ್ನೂ ಸಹಿ ಹಾಕಿಲ್ಲ. ಬರುವ ಶನಿವಾರ, ಭಾನುವಾರ ನಮ್ಮ ಅಂಗಡಿಗೆ ಬಂದು ನಿಲ್ಲಿ ಅಂದಿದ್ದೇನೆ, ಗಂಡ ಹೆಂಡತಿ ಇಬ್ಬರೂ. ಎಷ್ಟು ಕೊಡಬೇಕು ಅಕ್ಕ ಅಂತ ಕೇಳಿದರು. ನನಗೆ ಹೇಳಿಕೊಟ್ಟವರು ಏನೂ ತಗೊಂಡಿರಲಿಲ್ಲ, ನನಗೂ ಬೇಡ ಅಂದೆ. ರಾತ್ರಿ ನಮ್ಮ ಮನೆಯಲ್ಲೇ ಉಳಿಯಬಹುದು. ಬೆಳಗ್ಗೆ 4:45ಕ್ಕೆ ಶಟರ್ ಮುಂದೆ ಇರಬೇಕು, ಹಾಸನದ ಚಳಿಗೆ ಸ್ವೆಟರ್ ತರಬೇಕು. ಶನಿವಾರ ನಾನು ಮಾಡುವುದನ್ನು ನೋಡಲಿ. ಭಾನುವಾರದ ಮೊದಲ ಫಿಲ್ಟರ್ ಅವರದ್ದೇ.